ಮೌಸ್ ಕಂಡ ಕಾಗದ

ಜುಲೈ ತಿಂಗಳಲ್ಲಿ ನಮ್ಮ ಬಂಗೂರನಗರದಲ್ಲಿ ಪೂರ್ತಿ ಒಣಗಿದ್ದು ಅಂತ ಏನೂ ಇರುವುದಿಲ್ಲ. ಹಗ್ಗದ ಮೇಲಿನ ಬಟ್ಟೆ ಹಸಿ, ಬೆಂಕಿಪೊಟ್ಟಣ ಹಸಿ, ಉಪ್ಪಿನ ಡಬ್ಬಿ ಹಸಿ, ಕಡೆಗೆ ಬೆರಳ ತುದಿಯೂ ಹಸಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗೆ ಈ ಹಸಿ ಬೆರಳು ಆಗಿಬರುವುದಿಲ್ಲ. ಅದರ ಅಡಿಯಲ್ಲಿ ತೆಳ್ಳನೆಯ ತಂತಿಜಾಲವಿದೆ. ಬೆರಳು ಹತ್ತಿರ ಬಂದಾಗ ಆ ಜಾಲ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ ಚೂರೇ ಚೂರು ಬದಲಾಗುತ್ತದೆ. ಎಲ್ಲಿ ಬದಲಾಯಿತೋ ಅಲ್ಲಿ ಬೆರಳಿದೆ ಎಂಬುದು ಅದರ ಲೆಕ್ಕ. ಬೆರಳಿನ ಜೊತೆ ನೀರಿನ ಪೊರೆಯೂ ಬಂದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ನೀರೂ ಅದೇ ಬಗೆಯ ಬದಲಾವಣೆ ಮಾಡುತ್ತದೆ. ಒಂದು ಬೆರಳು ಎರಡಾಗಿ ಕಾಣುತ್ತದೆ, ಪರದೆಯ ಮೇಲಿನ ಬಾಣ ತುಂಗಭದ್ರೆ ಕಡೆ ಹೊರಟಿದ್ದು ಅರಬ್ಬಿ ಸಮುದ್ರಕ್ಕೆ ಹೋಗಿ ಬೀಳುತ್ತದೆ.

ಹಾಗಾಗಿ ಒಂದು ಮೌಸ್ ತಂದೆ. ತಂತಿಯಿಲ್ಲದ್ದು. ಹೊಟ್ಟೆಯಲ್ಲಿ ಒಂದು ಸೆಲ್ಲು, ಜೊತೆಗೆ ಉಗುರಿನಷ್ಟು ದೊಡ್ಡ ರಿಸೀವರ್. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ರಿಸೀವರ್ ಸಿಕ್ಕಿಸಿ, ಮೌಸ್ ಎಳೆದೆ. ಬಾಣ ಅಲ್ಲಾಡಲಿಲ್ಲ. ಸೆಲ್ಲು ತೆಗೆದು ಬಟ್ಟೆಗೆ ಉಜ್ಜಿ ಹಾಕಿದೆ. ರಿಸೀವರನ್ನು ಇನ್ನೊಂದು ಕಿಂಡಿಗೆ ಬದಲಿಸಿದೆ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಬಟನ್ ಒತ್ತಿದರೆ ಕೆಲಸ ಮಾಡುತ್ತಿತ್ತು, ಎಳೆದರೆ ಇಲ್ಲ. ಬಿಲ್ಲನ್ನು ಜೇಬಿಗಿಟ್ಟುಕೊಂಡು, ಕೊಡೆ ಹಿಡಿದು, ಅಂಗಡಿಯವನಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತ ಹೊರಟವನನ್ನು ಪಕ್ಕದ ಮನೆಯ ಕಾಕಾ ಬಾಗಿಲಲ್ಲೇ ತಡೆದರು. ಪೇಪರ್ ಮಿಲ್ಲಿನ ಮಶಿನ್ ಹೌಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಒಳಗೆ ಬಂದು ಮೇಜು ನೋಡಿದರು, ಪ್ರಿಂಟರಿನ ತಟ್ಟೆಯಿಂದ ಒಂದು ಬಿಳಿ ಹಾಳೆ ಎಳೆದು ಮೌಸಿನ ಅಡಿಗೆ ತಳ್ಳಿದರು.

"ಈಗ ಎಳಿ ನೋಡೂಣು."

ಎಳೆದೆ. ಬಾಣ ಎಣ್ಣೆ ಹಚ್ಚಿದ ಹಾಗೆ ಓಡಿತು.

"ಗಾಜಿನ ಮ್ಯಾಲ ಏನ್ ಕಾಣ್ತೈತೋ ತಮ್ಮಾ ಅದಕ? ಕಣ್ಣಿಗೆ ಏನರ ಸಿಗಬೇಕಲ್ಲ!"

ಮೊಮ್ಮಗಳ ಮೌಸ್ ಹೀಗೇ ಗಾಜಿನ ಮೇಲೆ ಮುಷ್ಕರ ಹೂಡಿದ್ದನ್ನು ಅವರು ಮೊದಲೇ ನೋಡಿದ್ದರಂತೆ. ಅದೇನೇ ಇರಲಿ, ಕಾಕಾ ಆಡಿದ ಆ ಒಂದು ಮಾತಿನಲ್ಲಿ ಈ ಅಧ್ಯಾಯದ ಅರ್ಧ ಭಾಗ ಅಡಗಿದೆ. ನಮ್ಮ ಕೈಗೆ ನುಣುಪು ಎನ್ನಿಸಿದ್ದು ಮೌಸಿಗೆ ಕತ್ತಲೆ. ಇನ್ನರ್ಧ ಭಾಗ ಆ ಬಿಳಿ ಹಾಳೆಯದು. ಕಾಗದ ಮಾಡುವ ಊರಿನಲ್ಲಿ ಕೂತು ಇದನ್ನು ಬರೆಯುತ್ತಿರುವುದರಿಂದ ಹಾಳೆಯ ಕಡೆಗೆ ಕೊಂಚ ಪಕ್ಷಪಾತ ಮಾಡುತ್ತೇನೆ.

ಮೊದಲ ಮೌಸಿಗೆ ಕಣ್ಣಿರಲಿಲ್ಲ, ಕಾಲು ಮಾತ್ರ ಇತ್ತು. ಅದನ್ನು ಕಲ್ಪಿಸಿಕೊಂಡ ಡಗ್ಲಸ್ ಎಂಗೆಲ್‌ಬಾರ್ಟ್ 1945ರಲ್ಲಿ ಅಮೆರಿಕದ ನೌಕಾಪಡೆಯ ರೇಡಾರ್ ತಂತ್ರಜ್ಞನಾಗಿ ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿದ್ದ. ಅಲ್ಲಿ ರೆಡ್‌ಕ್ರಾಸಿನವರು ಕಂಬಗಳ ಮೇಲೆ ನಿಂತ ಬಿದಿರಿನ ಗುಡಿಸಲೊಂದರಲ್ಲಿ ಪುಟ್ಟ ಗ್ರಂಥಾಲಯ ಮಾಡಿದ್ದರು. ಮನುಷ್ಯನ ಜ್ಞಾನವನ್ನೆಲ್ಲ ಮೇಜಿನ ಮೇಲಿನ ಒಂದು ಯಂತ್ರದಲ್ಲಿ ತುಂಬಿ ಬೇಕಾದಾಗ ತೆಗೆದು ನೋಡಬಹುದು ಎಂಬ ವ್ಯಾನೆವರ್ ಬುಷ್ ಬರೆದ ಲೇಖನ ಅವನ ಕಣ್ಣಿಗೆ ಬಿದ್ದದ್ದು ಅಲ್ಲಿ. ಇಪ್ಪತ್ತು ವರ್ಷ ಆ ಯೋಚನೆ ತಲೆಯಲ್ಲಿ ಕೊರೆಯಿತು. 1964ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಮೊದಲ ಮೌಸನ್ನು ಕಟ್ಟಿಕೊಟ್ಟ. ಮರದ ಗೂಡು, ಮೇಲೊಂದು ಬಟನ್, ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ನಿಂತ ಎರಡು ಲೋಹದ ಗಾಲಿ. ಒಂದು ಗಾಲಿ ಎಡ-ಬಲದ ಲೆಕ್ಕ ಇಟ್ಟರೆ ಇನ್ನೊಂದು ಹಿಂದು-ಮುಂದಿನ ಲೆಕ್ಕ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಮೌಸನ್ನು ಸಭೆಯ ಮುಂದೆ ಆಡಿಸಿ ತೋರಿಸಿದ. ಪೇಟೆಂಟ್ ಬಂದದ್ದು 1970ರಲ್ಲಿ. ಇಲಿ ಎಂಬ ಹೆಸರನ್ನು ಯಾರಿಟ್ಟರು ಎಂದು ಕೇಳಿದರೆ, ಯಾರಿಗೂ ನೆನಪಿಲ್ಲ ಎನ್ನುತ್ತಿದ್ದ. ಇಡೀ ಜಗತ್ತು ಕೈಯಲ್ಲಿ ಹಿಡಿದ ಆ ವಸ್ತುವಿನಿಂದ ಅವನಿಗೆ ರಾಯಧನ ಅಂತ ಬಿಡಿಗಾಸೂ ಬರಲಿಲ್ಲ.

ಗಾಲಿ ಹೋಗಿ ಗುಂಡು ಬಂತು. 1970ರ ದಶಕದಲ್ಲಿ ಅದೇ ಬಿಲ್ ಇಂಗ್ಲಿಷ್ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯಕ್ಕೆ ಹೋದ ಮೇಲೆ ಅಲ್ಲಿ ಗುಂಡಿನ ಮೌಸ್ ತಯಾರಾಯಿತು. ನಮ್ಮ ವಯಸ್ಸಿನವರು ಕಂಪ್ಯೂಟರ್ ಕಲಿತದ್ದೆಲ್ಲ ಅದರಲ್ಲೇ. ರಬ್ಬರ್ ಹೊದಿಸಿದ ಗುಂಡು ಉರುಳುತ್ತ ಒಳಗಿನ ಎರಡು ಸಣ್ಣ ದಂಡಗಳನ್ನು ತಿರುಗಿಸುತ್ತಿತ್ತು. ದಂಡದ ತುದಿಯಲ್ಲಿ ಸೀಳುಗಳಿರುವ ಬಿಲ್ಲೆ, ಬಿಲ್ಲೆಯ ಆಚೆ ಬೆಳಕು, ಈಚೆ ಎರಡು ಪುಟ್ಟ ಬೆಳಕಿನ ಕಾವಲುಗಾರರು. ಸೀಳು ದಾಟುವಾಗ ಬೆಳಕು ಮೊದಲು ಯಾವ ಕಾವಲುಗಾರನಿಗೆ ಕಂಡಿತು ಎಂಬುದರಿಂದ ಬಿಲ್ಲೆ ಯಾವ ಕಡೆ ತಿರುಗಿತು ಎಂದು ತಿಳಿಯುತ್ತಿತ್ತು. ಬುದ್ಧಿವಂತ ಉಪಾಯವೇ. ಆದರೆ ಗುಂಡು ಮೇಜಿನ ಮೇಲಿನ ಜಿಡ್ಡು, ಧೂಳು, ಕೂದಲುಗಳನ್ನೆಲ್ಲ ಹೊತ್ತುಕೊಂಡು ಒಳಗೆ ಹೋಗಿ ದಂಡಕ್ಕೆ ಸುತ್ತುತ್ತಿತ್ತು. ಲ್ಯಾಬಿನಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು ಪ್ರೋಗ್ರಾಮ್ ಅಲ್ಲ. ಮೌಸನ್ನು ಮಗುಚಿ, ತಟ್ಟೆ ತಿರುಗಿಸಿ, ಗುಂಡನ್ನು ಅಂಗೈಗೆ ಉದುರಿಸಿಕೊಂಡು, ದಂಡಕ್ಕೆ ಮೆತ್ತಿದ ಕರಿ ಪಟ್ಟಿಯನ್ನು ಉಗುರಿನಿಂದ ಕೆರೆದು ತೆಗೆಯುವುದನ್ನು. ಆ ಪಟ್ಟಿ ಇಡಿಯಾಗಿ ಉಂಗುರದ ಹಾಗೆ ಕಳಚಿ ಬಂದಾಗ ಆಗುತ್ತಿದ್ದ ಆನಂದವನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ.

ಕಣ್ಣು ಬರಬೇಕಾದರೆ ನೆಲ ಬದಲಾಗಬೇಕು ಎಂದು ಮೊದಲು ಅಂದುಕೊಂಡಿದ್ದರು. 1980ರ ಸುಮಾರಿಗೆ ಝೆರಾಕ್ಸಿನ ರಿಚರ್ಡ್ ಲಯನ್ ಮತ್ತು ಎಂಐಟಿಯ ಸ್ಟೀವ್ ಕಿರ್ಷ್ ಬೇರೆ ಬೇರೆಯಾಗಿ ಬೆಳಕಿನ ಮೌಸ್ ಮಾಡಿದರು. ಎರಡಕ್ಕೂ ವಿಶೇಷ ಹಾಸು ಬೇಕಿತ್ತು. ಕಿರ್ಷ್‌ನದು ಗೆರೆಗಳ ಜಾಲ, ಲಯನ್‌ನದು ಚುಕ್ಕಿಗಳು. ನಮ್ಮ ಹೆಂಗಸರು ಅಂಗಳದಲ್ಲಿ ಚುಕ್ಕಿ ಇಟ್ಟು ಎಣಿಸಿ ರಂಗೋಲಿ ಎಳೆಯುವ ಹಾಗೆ ಆ ಮೌಸ್ ಚುಕ್ಕಿ ಎಣಿಸುತ್ತ ಹೋಗುತ್ತಿತ್ತು. ಹಾಸು ಕಳೆದರೆ ಮೌಸ್ ಕುರುಡು. ಮನೆಮನೆಯ ಮೌಸ್ ಅದಾಗಲಿಲ್ಲ.

ಮುಂದಿನ ಹೆಜ್ಜೆ ಬಂದದ್ದು ಮೌಸಿನ ಬೀದಿಯಿಂದ ಅಲ್ಲ. 1990ರ ದಶಕದಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಕೆಲವರು ಕೈಯಲ್ಲಿ ಹಿಡಿದು ಕಾಗದದ ಮೇಲೆ ಸವರುವ ಸ್ಕ್ಯಾನರ್ ಮಾಡಲು ಹೊರಟಿದ್ದರು. ಪುಟಕ್ಕಿಂತ ಸ್ಕ್ಯಾನರ್ ಚಿಕ್ಕದು. ಒಂದು ಸಲ ಹೀಗೆ, ಒಂದು ಸಲ ಹಾಗೆ ಸವರಿ ಚೂರು ಚೂರು ಚಿತ್ರ ತೆಗೆದು ಆಮೇಲೆ ಹೊಲಿದು ಸೇರಿಸಬೇಕು. ಕೈ ನೆಟ್ಟಗೆ ಹೋಗುವುದಿಲ್ಲ, ವಾಲುತ್ತದೆ, ನಡುಗುತ್ತದೆ. ಪ್ರತಿ ಕ್ಷಣ ಸ್ಕ್ಯಾನರ್ ಎಷ್ಟು ಸರಿಯಿತು ಎಂದು ಗೊತ್ತಾಗದಿದ್ದರೆ ಹೊಲಿಗೆ ಕೂಡುವುದಿಲ್ಲ. ಅಕ್ಷರಗಳನ್ನು ನೋಡಿ ತಿಳಿಯೋಣವೆಂದರೆ ಪುಟದ ಅಂಚಿನಲ್ಲಿ, ಸಾಲುಗಳ ನಡುವೆ ಬರೀ ಬಿಳುಪು. ಆಗ ಅವರು ಬಿಳುಪನ್ನೇ ಓದಲು ನಿರ್ಧರಿಸಿದರು. ಬಿಳಿ ಕಾಗದವೆಂದರೆ ನಾರುಗಳ ಹೆಣಿಗೆ. ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಕಾಗದಕ್ಕೆ ತಾಗಿದಂತೆ ಓರೆಯಾಗಿ ಬಿಟ್ಟರೆ ನಾರಿನ ಏರುತಗ್ಗುಗಳಿಗೆ ನೆರಳು ಬೀಳುತ್ತದೆ. ಆ ನೆರಳಿನ ವಿನ್ಯಾಸ ಎಷ್ಟು ಜಾರಿತು ಎಂದು ನೋಡಿದರೆ ಸ್ಕ್ಯಾನರ್ ಎಷ್ಟು ಸರಿಯಿತೆಂದು ಗೊತ್ತಾಗುತ್ತದೆ. 1996ರಲ್ಲಿ ಸಿಕ್ಕ ಪೇಟೆಂಟಿನಲ್ಲಿ ಕಾಗದದ ನಾರು ಎಂಬ ಮಾತೇ ಇದೆ.

ಆ ಸ್ಕ್ಯಾನರ್ ಇಂದು ಯಾರ ಮನೆಯಲ್ಲೂ ಇಲ್ಲ. ಅದರ ಕಣ್ಣು ಮಾತ್ರ ಉಳಿದು ಮೌಸಿನ ಹೊಟ್ಟೆ ಸೇರಿತು. ಎಚ್‌ಪಿಯಿಂದ ಬೇರೆಯಾದ ಅಜಿಲೆಂಟ್ ಎಂಬ ಕಂಪನಿ ಆ ಚಿಪ್ಪು ಮಾಡಿತು, 1999ರಲ್ಲಿ ಮೈಕ್ರೋಸಾಫ್ಟ್ ಅದನ್ನು ಹಾಕಿ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಮಾರಿತು, ಮೂರು-ನಾಲ್ಕು ವರ್ಷದಲ್ಲಿ ಗುಂಡಿನ ಮೌಸ್ ಗುಜರಿಗೆ ಹೋಯಿತು. ಕಾಗದದ ಬದಲು ಕಂಪ್ಯೂಟರ್ ಎಂದು ಊರೂರಲ್ಲಿ ಭಾಷಣ ನಡೆಯುತ್ತಿದ್ದ ಕಾಲದಲ್ಲೇ ಕಂಪ್ಯೂಟರಿನ ಕೈ ಕಾಗದವನ್ನು ಓದಿ ನಡೆಯುವುದನ್ನು ಕಲಿತಿತ್ತು.

ಮೌಸನ್ನು ಮಗುಚಿ ನೋಡಿ. ಕೆಂಪು ಬೆಳಕು ಒಂದು ಸಣ್ಣ ಗುಹೆಯಿಂದ ಓರೆಯಾಗಿ ಬರುತ್ತಿರುತ್ತದೆ, ನೇರವಾಗಿ ಅಲ್ಲ. ಬೆಳಕೇ ಕಾಣದಿದ್ದರೆ ಗಾಬರಿ ಬೇಡ. ತಂತಿಯಿಲ್ಲದ ಎಷ್ಟೋ ಮೌಸ್‌ಗಳು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಳಸುತ್ತವೆ. ಮೊಬೈಲ್ ಕ್ಯಾಮೆರಾ ತೆರೆದು ಅದರ ಮೂಲಕ ನೋಡಿದರೆ ಹಲವು ಫೋನುಗಳಲ್ಲಿ ಅದು ಮಸುಕು ನೇರಳೆ ಚುಕ್ಕೆಯಾಗಿ ಹೊಳೆಯುತ್ತದೆ. ನಮ್ಮ ಕಣ್ಣಿಗಿಲ್ಲದ ಈ ಶಕ್ತಿ ಸಿಲಿಕಾನಿಗೆ ಇದೆ. ಮೌಸಿನ ಕಣ್ಣೂ ಸಿಲಿಕಾನೇ. ಕೆಂಪು ಮತ್ತು ಅವಕೆಂಪಿಗೆ ಅದು ಚುರುಕು, ಕೆಂಪು ಎಲ್‌ಇಡಿ ಅಗ್ಗ. ಕೆಂಪು ಬಣ್ಣದ ಹಿಂದೆ ಇದಕ್ಕಿಂತ ದೊಡ್ಡ ಗುಟ್ಟಿಲ್ಲ.

ಗುಹೆಯ ನೆತ್ತಿಯಲ್ಲಿ ಒಂದು ಮಸೂರ, ಅದರ ಮೇಲೆ ಒಂದು ಕ್ಯಾಮೆರಾ. ಕ್ಯಾಮೆರಾ ಎಂದರೆ ಮೆಗಾಪಿಕ್ಸೆಲ್ ನೆನಪಾಗುವವರಿಗೆ ನಿರಾಸೆಯಾದೀತು. ಅಜಿಲೆಂಟಿನ ಹಳೆಯ, ಅಗ್ಗದ, ಕೋಟಿಗಟ್ಟಲೆ ಮೌಸ್‌ಗಳಲ್ಲಿ ಕೂತ ಒಂದು ಚಿಪ್ಪಿನಲ್ಲಿದ್ದದ್ದು ಉದ್ದಕ್ಕೆ 18, ಅಡ್ಡಕ್ಕೆ 18, ಒಟ್ಟು 324 ಚೌಕ. ಒಂದು ಮುಖವನ್ನೂ ಗುರುತಿಸಲಾಗದಷ್ಟು ಒರಟು ಚಿತ್ರ. ಆದರೆ ಸೆಕೆಂಡಿಗೆ 1500 ಚಿತ್ರ ತೆಗೆಯುತ್ತಿತ್ತು. ಒಂದು ಚಿತ್ರದಲ್ಲಿ ಕಾಣುವುದು ಹೆಚ್ಚುಕಡಿಮೆ 1 ಮಿಲಿಮೀಟರ್ ಉದ್ದಗಲದ ನೆಲ, ಒಂದು ಸಾಸಿವೆ ಕಾಳು ಕೂರುವಷ್ಟು. ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಮೌಸ್ ಎಳೆದರೂ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಅದು ಸರಿದಿರುವುದು 0.2 ಮಿಲಿಮೀಟರ್ ಮಾತ್ರ. ಅಂದರೆ ಹಿಂದಿನ ಚಿತ್ರದ ಐದರಲ್ಲಿ ನಾಲ್ಕು ಪಾಲು ಮುಂದಿನದರಲ್ಲೂ ಇದೆ. ಚಿಪ್ಪು ಹಳೆಯ ಚಿತ್ರವನ್ನು ಹೊಸದರ ಮೇಲೆ ಇಟ್ಟು, ಒಂದು ಚೌಕ ಎಡಕ್ಕೆ, ಒಂದು ಬಲಕ್ಕೆ, ಮೂಲೆಗೆ ಎಂದು ಜಾರಿಸಿ ನೋಡುತ್ತದೆ. ಎಲ್ಲಿ ನೆರಳಿಗೆ ನೆರಳು ಕೂಡಿಕೊಂಡಿತೋ ಅಷ್ಟು ಸರಿದಿದ್ದೇನೆ ಎಂದು ಲ್ಯಾಪ್‌ಟಾಪಿಗೆ ಹೇಳುತ್ತದೆ. ನೆರಳು ಅರ್ಧ ಚೌಕ ಮಾತ್ರ ಜಾರಿದ್ದರೆ? ಆಗ ಅಕ್ಕಪಕ್ಕದ ಎರಡೂ ಚೌಕಗಳ ಬೆಳಕು ತುಸು ತುಸು ಬದಲಾಗಿರುತ್ತದೆ, ಅದರಿಂದ ಅರ್ಧವನ್ನೂ ಕಾಲನ್ನೂ ಅಂದಾಜು ಮಾಡಬಹುದು. ಈಗಿನ ಮೌಸ್‌ಗಳಲ್ಲಿ ಚೌಕ ಹೆಚ್ಚಿವೆ, ವೇಗ ಹೆಚ್ಚಿದೆ, ಉಪಾಯ ಅದೇ.

ರಾತ್ರಿ ಹೊತ್ತು ಕುಳಗಿಯ ಕಾಡುದಾರಿಯಲ್ಲಿ ತಲೆ ಎತ್ತದೆ, ಟಾರ್ಚಿನ ಬೆಳಕನ್ನು ಪಾದದ ಮುಂದೆ ಬಿಟ್ಟುಕೊಂಡು ನಡೆಯುವವನನ್ನು ಊಹಿಸಿಕೊಳ್ಳಿ. ಕಲ್ಲು, ತರಗೆಲೆ, ಬೇರು ಹಿಂದೆ ಹಿಂದೆ ಸರಿಯುವುದು ಅವನಿಗೆ ಕಾಣುತ್ತದೆ. ಎಷ್ಟು ನಡೆದೆ ಎಂದು ಅವನು ಹೇಳಬಲ್ಲ. ಎಲ್ಲಿದ್ದೇನೆ ಎಂದು ಹೇಳಲಾರ. ಮೌಸ್ ಹಾಗೆಯೇ. ಮೇಜಿನ ಯಾವ ಮೂಲೆಯಲ್ಲಿದ್ದೇನೆ ಎಂಬುದು ಅದಕ್ಕೆ ಎಂದೂ ಗೊತ್ತಿಲ್ಲ. ಅದಕ್ಕೇ ಎತ್ತಿ ಬೇರೆಡೆ ಇಟ್ಟರೂ ಬಾಣ ಇದ್ದಲ್ಲೇ ಇರುತ್ತದೆ.

ಇನ್ನೂ ಒಂದು ವಿಷಯ ಅದಕ್ಕೆ ಗೊತ್ತಿಲ್ಲ: ಸರಿದದ್ದು ತಾನೋ ನೆಲವೋ ಎಂಬುದು. ಮೌಸನ್ನು ಒಂದು ಕೈಯಲ್ಲಿ ಅಲುಗದ ಹಾಗೆ ಹಿಡಿದು ಅಡಿಯ ಹಾಳೆಯನ್ನು ಎಡಕ್ಕೆ ಎಳೆಯಿರಿ. ಬಾಣ ಬಲಕ್ಕೆ ಹೋಗುತ್ತದೆ. ಅಳ್ನಾವರ ಸ್ಟೇಶನ್ನಿನಲ್ಲಿ ನಿಂತ ರೈಲಿನೊಳಗೆ ಕೂತಾಗ ಪಕ್ಕದ ಹಳಿಯ ಗಾಡಿ ಹೊರಟರೆ ನಮ್ಮದೇ ಹೊರಟಿತೆಂದು ಒಂದು ಗಳಿಗೆ ಎದೆ ಹೊಡೆದುಕೊಳ್ಳುತ್ತದಲ್ಲ, ಅದೇ ಮೋಸ. ನಾವು ಪ್ಲಾಟ್‌ಫಾರ್ಮ್ ಕಡೆ ತಿರುಗಿ ಸಮಾಧಾನ ಮಾಡಿಕೊಳ್ಳುತ್ತೇವೆ. ಮೌಸಿಗೆ ಎರಡನೆಯ ಕಿಟಕಿ ಇಲ್ಲ. ಸೆಕೆಂಡ್ ಮುಳ್ಳಿರುವ ಕೈಗಡಿಯಾರದ ಮೇಲೆ ಮೌಸಿಟ್ಟರೆ ಮುಳ್ಳು ದಾಟಿದಾಗೆಲ್ಲ ಬಾಣ ಒಮ್ಮೆ ಬೆಚ್ಚುವುದುಂಟು. ಮನೆಯಿಂದ ಕೆಲಸ ಮಾಡುವ ಹುಡುಗರು ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಹೀಗೆ ಮಾಡುತ್ತಾರಂತೆ. ಇಲ್ಲಿ ಹೇಳಿದ್ದು ಸಾಪೇಕ್ಷ ಚಲನೆಯನ್ನು ವಿವರಿಸಲಿಕ್ಕೆ ಮಾತ್ರ ಎಂದು ಅವರ ಮೇಲಧಿಕಾರಿಗಳಿಗೆ ತಿಳಿಸಬಯಸುತ್ತೇನೆ.

ಆ ವಾರವೆಲ್ಲ ಮಳೆ. ಹೊರಗೆ ಹೋಗುವ ಹಾಗಿರಲಿಲ್ಲ. ಮನೆಯ ಒಂದೊಂದು ಮೈಯ ಮೇಲೂ ಮೌಸ್ ಓಡಿಸಿ ನೋಡಿದೆ. ಕನ್ನಡಿ: ಸೊನ್ನೆ. ಓರೆ ಬಂದ ಬೆಳಕು ಓರೆಯಾಗಿಯೇ ಆಚೆ ಹಾರಿಹೋಗುತ್ತದೆ, ಮೇಲಿರುವ ಕಣ್ಣಿಗೆ ಏನೂ ತಲುಪುವುದಿಲ್ಲ. ಊಟದ ಮೇಜಿನ ಗಾಜು: ಬೆಳಕು ಬಹುಪಾಲು ಒಳಗೇ ನುಗ್ಗಿಬಿಡುತ್ತದೆ, ಅಡಿಯ ಹಲಗೆಯನ್ನು ಮುಟ್ಟಿ ಬಂದರೂ ಮಸೂರದ ನೋಟ ಅಷ್ಟು ಆಳಕ್ಕೆ ಕೂಡಿಲ್ಲ. ಗಾಜನ್ನು ಒರೆಸದೆ ಎರಡು ದಿನ ಬಿಟ್ಟೆ. ಬೆರಳಚ್ಚು, ಧೂಳು ಕೂತಲ್ಲಿ ಬಾಣ ಕುಂಟುತ್ತ ನಡೆಯಿತು. ಕೊಳೆಯೇ ಅದಕ್ಕೆ ಹೆಗ್ಗುರುತು! ಧೂಳಿನ ಕಣವನ್ನೂ ಸಣ್ಣ ಗೀರನ್ನೂ ಹುಡುಕಿ ಗಾಜಿನ ಮೇಲೆ ನಡೆಯುವ ದುಬಾರಿ ಮೌಸನ್ನು ಲಾಜಿಟೆಕ್ 2009ರಲ್ಲೇ ತಂದಿದೆ, ನನ್ನದು ಆ ಜಾತಿಯದಲ್ಲ. (ಲಾಜಿಟೆಕ್ ಹುಟ್ಟಿದ ಸ್ವಿಟ್ಜರ್‌ಲ್ಯಾಂಡಿನ ಹಳ್ಳಿಯ ಹೆಸರು ಆಪಲ್ಸ್ ಎಂಬುದು ಈ ಉದ್ಯಮದ ಅತ್ಯುತ್ತಮ ನಗೆಚಟಾಕಿ.)

ಅಡುಗೆಮನೆಯ ಕಟ್ಟೆಯ ಕರಿ ಗ್ರಾನೈಟ್ ಪಾಲಿಶ್ ಆಗಿ ಮುಖ ಕಾಣುವ ಹಾಗಿದ್ದರೂ ಮೌಸ್ ಅಲ್ಲಿ ನಡೆಯಿತು. ಕಲ್ಲಿನೊಳಗಿನ ಹರಳುಗಳು ಬೆಳಕನ್ನು ಒಂದೊಂದು ಒಂದೊಂದು ಬಗೆಯಲ್ಲಿ ಮರಳಿಸುತ್ತವೆ, ಅಷ್ಟು ಸಾಕು. ಸಾಗವಾನಿ ಮಂಚದ ಹಲಗೆ, ಚಾದರ, ನನ್ನ ಅಂಗೈ, ಪ್ಯಾಂಟಿನ ತೊಡೆ, ಎಲ್ಲ ಕಡೆ ನಡೆಯಿತು. ಬಹಳ ಹೊತ್ತು ಆಟವಾಡಿಸಿದ್ದು ಒಂದು ಮದುವೆಯ ಕರೆಯೋಲೆ. ಮಂದ ಕೆನೆಬಣ್ಣದ ದಪ್ಪ ಕಾಗದ, ಮೇಲೆ ಬಂಗಾರದ ಹಾಳೆಯಲ್ಲಿ ಒತ್ತಿದ ಗಣಪತಿ. ಕಾಗದದ ಮೇಲೆ ಬಾಣ ಸಲೀಸು. ಗಣಪತಿಯ ಹೊಟ್ಟೆ ದಾಟುವಾಗ ಮಾತ್ರ ಬಾಣ ನಿಂತು, ಜಿಗಿದು, ಮತ್ತೆ ನಿಂತು, ಆಚೆ ಬದಿಯ ಕಾಗದ ಸಿಕ್ಕ ಕೂಡಲೇ ಉಸಿರುಬಿಟ್ಟ ಹಾಗೆ ಓಡಿತು. ಇಲಿ ಗಣಪತಿಯ ವಾಹನ ಅಂತಾರೆ. ಇಲ್ಲಿ ಸಂಬಂಧ ಸರಿಯಿರಲಿಲ್ಲ.

ಎಲ್ಲಕ್ಕಿಂತ ಸುಖವಾಗಿ ನಡೆದದ್ದು ಕಾಕಾ ಎಳೆದುಕೊಟ್ಟ ಆ ಸಾದಾ ಹಾಳೆಯ ಮೇಲೆ. ಅದು ಎಲ್ಲಿಂದ ಬಂತು ಎಂಬುದನ್ನು ಹೇಳಲು ನಾನು ಮನೆಯಿಂದ ದೂರ ಹೋಗಬೇಕಾಗಿಲ್ಲ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಗಿ, ಕಾಳಿ ನದಿಯ ದಡದಲ್ಲಿ 1959ರಲ್ಲಿ ಕಾಗದ ಮಾಡಲು ತೊಡಗಿತು. ಎಂಗೆಲ್‌ಬಾರ್ಟನ ಮರದ ಮೌಸಿಗಿಂತ ಐದು ವರ್ಷ ಹಿರಿದು. ಕಟ್ಟಿಸಿದ ಬಂಗೂರ್ ಮನೆತನದ ಹೆಸರು ಕಾಲೊನಿಗೆ ಬಂದು ಬಂಗೂರನಗರವಾಯಿತು. ಆಗ ಕಚ್ಚಾಮಾಲು ಸುತ್ತಲಿನ ಕಾಡಿನ ಬಿದಿರು. ಈಗ ನೀಲಗಿರಿ, ಸುಬಾಬುಲ್, ಗಾಳಿಮರದ ದಿಮ್ಮಿ ಹೊತ್ತ ಲಾರಿಗಳು ಬರುತ್ತವೆ. ಚಕ್ಕೆ ಮಾಡಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ ಒತ್ತಡದಲ್ಲಿ ಬೇಯಿಸಿದರೆ ನಾರುಗಳನ್ನು ಅಂಟಿಸಿಟ್ಟಿದ್ದ ಲಿಗ್ನಿನ್ ಕರಗಿ ನಾರು ಬಿಡಿಬಿಡಿಯಾಗುತ್ತದೆ. ಬಿದಿರಿನ ನಾರು ಸರಾಸರಿ 2 ಮಿಲಿಮೀಟರಿನ ಆಸುಪಾಸು, ನೀಲಗಿರಿಯದು 1 ಮಿಲಿಮೀಟರೂ ಇಲ್ಲ. ದಪ್ಪ ಮಾತ್ರ ಎರಡರದ್ದೂ ಮಿಲಿಮೀಟರಿನ ಐವತ್ತನೇ ಒಂದು ಪಾಲಿನ ಆಚೀಚೆ. ಈ ನಾರಿನ ತಿಳಿಗಂಜಿ, ನೂರರಲ್ಲಿ ತೊಂಬತ್ತೊಂಬತ್ತು ಪಾಲು ನೀರು, ಓಡುವ ಜಾಲರಿಯ ಮೇಲೆ ಸುರಿಯುತ್ತದೆ. ನೀರು ಸೋರಿ, ಹಿಂಡಿ, ಬಿಸಿ ಸಿಲಿಂಡರುಗಳ ಮೇಲೆ ಒಣಗಿ ಹಾಳೆಯಾಗುತ್ತದೆ. ಜಾಲರಿ ಓಡುವ ದಿಕ್ಕಿಗೆ ನಾರುಗಳು ಮಲಗುತ್ತವೆ. ಪತ್ರಿಕೆಯನ್ನು ಹರಿದು ನೋಡಿ, ಒಂದು ದಿಕ್ಕಿಗೆ ನೆಟ್ಟಗೆ ಸೀಳುತ್ತದೆ, ಇನ್ನೊಂದು ದಿಕ್ಕಿಗೆ ಹಾವಿನ ಹಾಗೆ ಹೊರಳುತ್ತದೆ.

ನಾರಿನ ದಪ್ಪ ಗೊತ್ತಾದ ಮೇಲೆ ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಮೌಸಿನ ಕ್ಯಾಮೆರಾದ ಒಂದು ಚೌಕ ನೋಡುವ ಜಾಗದಲ್ಲಿ ಎರಡು-ಮೂರು ನಾರು ಅಕ್ಕಪಕ್ಕ ಮಲಗಬಹುದು. ಹಾಗಾಗಿ ಅದು ಒಂದೊಂದೇ ನಾರನ್ನು ಕಾಣುವುದಿಲ್ಲ. ನಾರು ಗುಂಪುಕೂಡಿ ಎದ್ದ ದಿಬ್ಬ, ಖಾಲಿ ಬಿಟ್ಟ ಗುಂಡಿ, ಅವುಗಳ ನೆರಳು, ಇವನ್ನಷ್ಟೇ ಕಾಣುತ್ತದೆ. ವಿಮಾನದಿಂದ ನೋಡಿದವನಿಗೆ ಅಣಶಿಯ ಕಾಡು ಕಂಡ ಹಾಗೆ, ಮರವಲ್ಲ, ಹಸಿರಿನ ಏರಿಳಿತ.

ಬಿದಿರಿನ ಮಾತು ಬಂದದ್ದರಿಂದ ದಾರಿ ಬಿಟ್ಟು ನಾಲ್ಕು ಹೆಜ್ಜೆ. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಉತ್ತರ ಕನ್ನಡದ ಕಾಡಿನಲ್ಲಿ ಬಿದಿರು ಏಕೆ ಕಡಿಮೆಯಾಗುತ್ತಿದೆ ಎಂದು ಅಧ್ಯಯನ ಮಾಡಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕಡ್ಡಿಗಳ ಹೆಣಿಗೆ ಇರುತ್ತದೆ. ಮೆಳೆ ಚೊಕ್ಕಟವಾಗಿದ್ದರೆ ಕಳಲೆ ಚೆನ್ನಾಗಿ ಬೆಳೆಯುತ್ತದೆ ಎಂದು ಅದನ್ನು ಸವರಿ ತೆಗೆಸುವುದು ರೂಢಿಯಾಗಿತ್ತು. ಹಳ್ಳಿಯವರು ಗಾಡ್ಗೀಳರಿಗೆ ತೋರಿಸಿದ್ದು ಉಲ್ಟಾ ಚಿತ್ರ: ಮುಳ್ಳು ಹೋದದ್ದೇ ತಡ, ಎಳೆ ಕಳಲೆ ದನಗಳ, ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತಿತ್ತು. ಗಾಡ್ಗೀಳರು ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಒರಟನ್ನು ಒಪ್ಪ ಮಾಡಲು ಹೋದಾಗೆಲ್ಲ ನನಗೆ ಆ ಮೆಳೆ ನೆನಪಾಗುತ್ತದೆ. ಮೇಜಿನ ಮೇಲೆ ಗಾಜು ಹಾಕಿಸಿದ್ದೂ ನಾನೇ.

ಹಾಳೆ ನೋಡುವುದಕ್ಕಷ್ಟೇ ಅಲ್ಲ, ಅಳೆಯುವುದಕ್ಕೂ ಆಗುತ್ತದೆ. 500 ಹಾಳೆಯ ಕಟ್ಟಿನ ಎತ್ತರ ಸ್ಕೇಲಿನಲ್ಲಿ ಸುಮಾರು 5 ಸೆಂಟಿಮೀಟರ್ ಬಂತು. ಅಂದರೆ ಒಂದು ಹಾಳೆ 0.1 ಮಿಲಿಮೀಟರ್. ಇಷ್ಟು ಅಗ್ಗದ, ಇಷ್ಟು ನಂಬುವಂಥ ಅಳತೆಗೋಲು ಅಂಗಡಿಯಲ್ಲಿ ಸಿಗುವುದಿಲ್ಲ. ಮೌಸಿನ ಮುಂಗಾಲು-ಹಿಂಗಾಲುಗಳ ಅಡಿಗೆ ಹಾಳೆಯ ಪಟ್ಟಿಗಳನ್ನು ಎರಡು ಹಳಿಗಳ ಹಾಗೆ ಜೋಡಿಸಿ, ಕಣ್ಣಿನ ಕೆಳಗೆ ಖಾಲಿ ಬಿಟ್ಟು, ಒಂದೊಂದೇ ಹಾಳೆ ಏರಿಸುತ್ತ ಹೋದೆ. 14 ಹಾಳೆಗೆ ಬಾಣ ತಡವರಿಸಿತು, 17ಕ್ಕೆ ನಿಂತಿತು. 1.7 ಮಿಲಿಮೀಟರ್ ಎತ್ತಿದರೆ ನನ್ನ ಮೌಸ್ ಕುರುಡು. ಕುರುಡಾಗುವುದು ಒಳ್ಳೆಯದೇ. ಬಹಳ ಎತ್ತರದವರೆಗೂ ನೋಡುವ ಮೌಸಾದರೆ ಎತ್ತಿ ಇಡುವಾಗ ಬಾಣ ಜೊತೆಗೇ ತೇಲಿಹೋಗುತ್ತದೆ.

ಡಿಪಿಐ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಒಂದು ಅಂಗುಲ ಸರಿದಾಗ ಮೌಸ್ ಎಷ್ಟು ಸಲ ಸರಿದೆ ಎಂದು ವರದಿ ಕೊಡುತ್ತದೆ ಎಂಬ ಲೆಕ್ಕ ಅದು. ನನ್ನದು 1000. ಹಾಳೆಯ ಮೇಲೆ ಒಂದು ಅಂಗುಲದ ಗೆರೆ ಎಳೆದು, ವಿಂಡೋಸಿನಲ್ಲಿ ವೇಗಕ್ಕೆ ತಕ್ಕಂತೆ ಬಾಣವನ್ನು ಮುಂದೆ ತಳ್ಳುವ ಸೌಲಭ್ಯ ಆರಿಸಿ, ಪೇಂಟಿನಲ್ಲಿ ಗೆರೆ ಎಳೆದು ಪಿಕ್ಸೆಲ್ ಎಣಿಸಿದೆ. ಸಾವಿರದ ಆಸುಪಾಸೇ ಬಂತು. ಒಂದು ವರದಿ ಎಂದರೆ 0.025 ಮಿಲಿಮೀಟರ್, ಒಂದು ಹಾಳೆಯ ದಪ್ಪದ ಕಾಲು ಪಾಲು. 1366 ಪಿಕ್ಸೆಲ್ ಅಗಲದ ನನ್ನ ಪರದೆಯನ್ನು ಈ ತುದಿಯಿಂದ ಆ ತುದಿಗೆ ದಾಟಲು ಮೂರೂವರೆ ಸೆಂಟಿಮೀಟರ್ ಸಾಕು. ಇನ್ನು 16000 ಡಿಪಿಐ ಎಂದು ಮಾರುವವರು ಯಾರ ಕೈಗಾಗಿ ಮಾರುತ್ತಾರೋ, ನನ್ನ ಕೈ ಅಷ್ಟು ಸ್ಥಿರವಲ್ಲ.

ತಂತಿಯಿಲ್ಲದ ಮಾತುಕತೆ ನಡೆಯುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅದೇ ಸಂತೆಯಲ್ಲಿ ಕೂಗುತ್ತವೆ, ಆದರೂ ಮೌಸ್ ಹೇಳಬೇಕಾದದ್ದು ಪುಟ್ಟ ಮಾತಾದ್ದರಿಂದ ಹೇಗೋ ತಲುಪುತ್ತದೆ. ನನ್ನದು ಒಮ್ಮೆ ಮಾತ್ರ ತೊದಲಿತು. ರಿಸೀವರಿನ ಪಕ್ಕದ ನೀಲಿ ಕಿಂಡಿಗೆ ಹಾರ್ಡ್‌ಡಿಸ್ಕ್ ಚುಚ್ಚಿ ಫೋಟೋ ನಕಲು ಮಾಡುತ್ತಿದ್ದಾಗ. ಯುಎಸ್‌ಬಿ 3 ವೇಗವಾಗಿ ಓಡುವಾಗ ಚೆಲ್ಲುವ ಗದ್ದಲ ಇದೇ 2.4ರ ಸುತ್ತ ಬೀಳುತ್ತದೆ, 2012ರಲ್ಲಿ ಇಂಟೆಲ್ ಇದನ್ನು ವಿವರವಾಗಿ ಬರೆದಿದೆ. ರಿಸೀವರನ್ನು ಲ್ಯಾಪ್‌ಟಾಪಿನ ಇನ್ನೊಂದು ಮಗ್ಗುಲಿಗೆ ಹಾಕಿದೆ, ತೊದಲು ನಿಂತಿತು. ಅಂಗಡಿಗೆ ಮರಳುವ ಎಷ್ಟೋ ಮೌಸ್‌ಗಳ ರೋಗ ಇಷ್ಟೇ ಇರಬಹುದು.

ಮಳೆ ಬಿಟ್ಟ ಒಂದು ಸಂಜೆ ಕಾಕಾ ಮತ್ತೆ ಬಂದರು. ಮೇಜಿನ ಮೇಲೆ ಗಾಜು ಇರಲಿಲ್ಲ, ತೆಗೆಸಿಹಾಕಿದ್ದೆ. ನಾನು ಹಾಳೆಯ ಎರಡೂ ಮಗ್ಗುಲಿನ ಮೇಲೆ ಮೌಸ್ ಓಡಿಸಿ, ಏನಾದರೂ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ನೋಡುತ್ತಿದ್ದೆ. ಜಾಲರಿಗೆ ತಾಗಿದ ಮಗ್ಗುಲನ್ನು ಮಿಲ್ಲಿನವರು ವೈರ್ ಸೈಡ್ ಅನ್ನುತ್ತಾರೆ, ಮೇಲಿನದನ್ನು ಫೆಲ್ಟ್ ಸೈಡ್. ಮೌಸಿಗೆ ಎರಡೂ ಒಂದೇ. ಬಾಣ ಎರಡೂ ಕಡೆ ಒಂದೇ ಥರ ಓಡಿತು.

"ತಾ ಇಲ್ಲೆ."

ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿದರು. ಸಮಾಧಾನವಾಗಲಿಲ್ಲವೇನೋ, ಎದ್ದು ಕಿಟಕಿಯ ಹತ್ತಿರ ಹೋದರು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮಲಗಿಸಿದರು, ಸಂಜೆಯ ಬೆಳಕು ಅದರ ಮೈಗೆ ತಾಗಿಯೂ ತಾಗದ ಹಾಗೆ ಓರೆಯಾಗಿ ಹರಿಯುವ ತನಕ ಮೆಲ್ಲಗೆ ವಾಲಿಸಿದರು, ಒಂದು ಕಣ್ಣು ಮುಚ್ಚಿದರು.

"ಇದು ವೈರ್ ಸೈಡ್," ಅಂದರು, ಹಾಳೆ ತಿರುವಿ ನನ್ನ ಕೈಗಿಟ್ಟು. "ಚಾ ಮಾಡ್ಸು."